ಗಡ್ಡದ ಕೀಪರನ ಜಾತಕ

ಫೆಬ್ರವರಿ ೩, ಸೋಮವಾರ

ಬರುವ ಟೀಮಿನ ಹೆಸರನ್ನು ಇವತ್ತು ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಅಷ್ಟು ಉದ್ದದ ಹೆಸರು, ಮಧ್ಯದಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಸ್ವರವೂ ಇಲ್ಲ. ಕೊನೆಗೆ ಡ್ರಮ್ಮಕ್ಕ, "ಹೆಸರು ಯಾಕ್ರೇ ಬೇಕು, ಸಂಬಂಧ ಬೆಳೆಸ್ತಿದ್ದೀವಾ? 'ಅವರು' ಅಂದ್ರೆ ಸಾಕು" ಎಂದಳು. ಅಲ್ಲಿಂದ ಅವರು 'ಅವರು' ಆದರು.

ಯುರೋಪಿನ ಯಾವುದೋ ಚಳಿಮೂಲೆಯ ಫುಟ್‌ಬಾಲ್ ಕ್ಲಬ್ಬು. ಅಲ್ಲಿ ಈಗ ಮೈದಾನದ ತುಂಬ ಹಿಮವಂತೆ. ಬಿಸಿಲು ಹುಡುಕಿಕೊಂಡು ನಮ್ಮ ಸಿಟಿ ಟೀಮಿನ ಜೊತೆ ಆಡಲು ಬರುತ್ತಿದ್ದಾರೆ, ಇಪ್ಪತ್ತೆರಡಕ್ಕೆ. ಪೋಸ್ಟರಿನಲ್ಲಿ 'ಸೌಹಾರ್ದ ಪಂದ್ಯ' ಎಂದು ಅಚ್ಚಾಗಿದೆ. ಸೀಟಿ ಆಗಲೇ 'ಸೌಹಾರ್ದ'ದ ಮೇಲೆ ಮಾರ್ಕರಿನಲ್ಲಿ ಗೀಟು ಎಳೆದು ಬಂದಿದ್ದಾಳೆ.

ಗೋಲಿನ ಹಿಂದಿನ ಗ್ಯಾಲರಿ ಪೂರ್ತಿ ನಮ್ಮ ಕಾಲೇಜಿನದು. ಆ ಗ್ಯಾಲರಿ ಡ್ರಮ್ಮಕ್ಕನದು. ಫೈನಲ್ ಇಯರ್. ಅವಳು ಡ್ರಮ್ ಬಾರಿಸಿದರೆ ಎಲ್ಲರೂ ಕೂಗುತ್ತಾರೆ, ಡ್ರಮ್ ನಿಂತರೆ ನಿಲ್ಲಿಸುತ್ತಾರೆ. ಸೀಟಿ ಅವಳ ಬಲಗೈ. ಎರಡು ಬೆರಳು ಬಾಯಿಗಿಟ್ಟು ಊದಿದರೆ ಹಾಸ್ಟೆಲಿನ ಕಿಟಕಿ ಗಾಜು ನಡುಗುತ್ತದೆ.

ಪ್ರತಿ ಮ್ಯಾಚಿಗೆ ಮುಂಚೆ ಇವರು ಎದುರಾಳಿಗಳನ್ನು ಪಾಲು ಹಾಕುತ್ತಾರೆ. ತಲೆಗೊಬ್ಬ ಆಟಗಾರ. ಅವನ ವಿಡಿಯೊ ನೋಡಿ, ಸುದ್ದಿ ಓದಿ 'ಜಾತಕ' ಬರೆಯಬೇಕು: ಯಾವುದಕ್ಕೆ ಹೆದರುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ, ಎಲ್ಲಿ ಚುಚ್ಚಿದರೆ ರಕ್ತ ಬರುತ್ತದೆ. ಮ್ಯಾಚಿನ ದಿನ ಗ್ಯಾಲರಿ ಅಲ್ಲೇ ಚುಚ್ಚುತ್ತದೆ.

ನನ್ನ ಪಾಲಿಗೆ ಕೀಪರ್ ಬಂದ.

"ಬೋರ್ಡಿಂಗ್ ಸ್ಕೂಲಲ್ವೇನೇ ನಿಂದು? ಟುಸ್ ಪುಸ್ ಇಂಗ್ಲಿಷು? ಅವನ ಬಗ್ಗೆ ಏನಿದ್ರೂ ಇಂಗ್ಲಿಷಲ್ಲೇ ಇರತ್ತೆ. ಜಾತಕ ಸರಿ ಬಂದ್ರೆ ನೀನು ನಮ್ಮವಳು. ಇಲ್ದಿದ್ರೆ ಕೆಳಗಡೆ ಫ್ಯಾಮಿಲಿ ಸೀಟಲ್ಲಿ ಕೂತು ಬಲೂನ್ ಹಿಡ್ಕೋ," ಎಂದಳು ಡ್ರಮ್ಮಕ್ಕ.

ಗ್ಯಾಲರಿಯವರು ಕೈಗೆ ಕೆಂಪು ಪಟ್ಟಿ ಕಟ್ಟಿಕೊಳ್ಳುತ್ತಾರೆ. ಮೆಸ್ಸಿನಲ್ಲಿ ಅವರದೇ ಒಂದು ಉದ್ದ ಟೇಬಲ್ ಇದೆ. ಕಾಲೇಜಿಗೆ ಬಂದು ಇಷ್ಟು ತಿಂಗಳಾದ ಮೇಲೆ ಮೊದಲ ಸಲ ಯಾರೋ ನನ್ನನ್ನು ಒಂದು ಕೆಲಸಕ್ಕೆ ಕರೆದಿದ್ದಾರೆ. ಹೊಟ್ಟೆ ತೊಳಸುತ್ತಿದೆ. ಖುಷಿಗೋ ಭಯಕ್ಕೋ ಗೊತ್ತಿಲ್ಲ. ಎರಡೂ ನನಗೆ ಒಂದೇ ಜಾಗದಲ್ಲಿ ಆಗುತ್ತವೆ.

ಫೆಬ್ರವರಿ ೫, ಬುಧವಾರ

ಲ್ಯಾಬ್ ಮುಗಿಸಿ ಬಂದು ಕೀಪರನ ಹಳೆಯ ಮ್ಯಾಚುಗಳನ್ನು ಫೋನಿನಲ್ಲಿ ನೋಡಿದೆ. ಎದೆಯವರೆಗೆ ಗಡ್ಡ. ಇನ್ನು ಮುಂದೆ ಅವನು 'ಗಡ್ಡ'. ಬಾಯಿ ಒಂದು ಕ್ಷಣ ಮುಚ್ಚುವುದಿಲ್ಲ. ಮುಂದಿರುವ ಡಿಫೆಂಡರುಗಳಿಗೆ ಆ ಕಡೆ ಹೋಗು, ಈ ಕಡೆ ಬಾ ಎಂದು ಕೂಗುತ್ತಲೇ ಇರುತ್ತಾನೆ. ಬಾಲ್ ಕೈಗೆ ಬಂದಾಗಲೆಲ್ಲ ಗ್ಲೌಸನ್ನು ತೊಡೆಗೆ ಒರೆಸಿಕೊಳ್ಳುತ್ತಾನೆ. ನರ್ವಸ್ ಇರಬೇಕು. ನಾನೂ ಉತ್ತರ ಗೊತ್ತಿಲ್ಲದಾಗ ಅಂಗೈ ಒರೆಸಿಕೊಳ್ಳುತ್ತೇನೆ.

ರೂಮ್‌ಮೇಟ್ ಹೆಗಲ ಮೇಲಿಂದ ಇಣುಕಿದಳು. ಅವಳಿಗೂ ಹದಿನೆಂಟೇ, ಆದರೆ ಇಡೀ ಫ್ಲೋರ್ ಅವಳನ್ನು 'ಅಜ್ಜಿ' ಎನ್ನುತ್ತದೆ. ಸಂಜೆಯಾದರೆ ಶಾಲು ಹೊದೆಯುತ್ತಾಳೆ, ಬಾಯಿ ತೆಗೆದರೆ ಗಾದೆ.

"ಪಾಪ, ಇವರ ಆಟ ನೋಡೋಕೆ ಯಾರೂ ಬಂದಿಲ್ವಲ್ಲೇ."

"ಅಷ್ಟು ಕೆಟ್ಟದಾಗಿ ಆಡ್ತಾರೆ ಅಂತ ಅರ್ಥ."

"ಅಥವಾ ಅಷ್ಟು ಚಿಕ್ಕ ಊರು ಅಂತ."

ಫುಟ್‌ಬಾಲಿನ ಗಂಧಗಾಳಿ ಇಲ್ಲ ಅವಳಿಗೆ. ಕಾರ್ನರ್ ಕಿಕ್ಕಿಗೆ ಯಾಕೆ ಎಲ್ಲರೂ ಒಂದೇ ಕಡೆ ಗುಂಪು ಕಟ್ಟುತ್ತಾರೆ, ಪಡಿತರ ಕೊಡ್ತಾರಾ ಅಂತ ಕೇಳಿದಳು. ಆದರೂ ಜೊತೆಗೆ ಕೂತು ಪೂರ್ತಿ ನೋಡಿದಳು. ಹೋದ ಸೆಮಿಸ್ಟರಿನ ವೈವಾ ದಿನ ನಾನು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಕೂತಾಗ ಆಚೆ ನೆಲದ ಮೇಲೆ ಕೂತವಳೂ ಅವಳೇ. ಗಾದೆ ಗೀದೆ ಏನೂ ಹೇಳಿರಲಿಲ್ಲ. ಸುಮ್ಮನೆ ಕೂತಿದ್ದಳು.

ಫೆಬ್ರವರಿ ೯, ಭಾನುವಾರ

ಮೆಸ್ಸಿನ ಹಿಂದಿನ ಮೆಟ್ಟಿಲ ಮೇಲೆ ಮೀಟಿಂಗು. ಒಬ್ಬೊಬ್ಬರೇ ಜಾತಕ ಓದಿದರು. ಸೀಟಿಯ ಪಾಲಿನ ಸ್ಟ್ರೈಕರನನ್ನು ಹೆಂಡತಿ ಬಿಟ್ಟು ಹೋಗಿದ್ದಾಳಂತೆ. ಸೀಟಿ ಅದಕ್ಕೆ ಆಗಲೇ ರಾಗ ಹಾಕಿಕೊಂಡು ಬಂದಿದ್ದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಸರದಿ. ಎತ್ತರ, ವಯಸ್ಸು, ಮುಂಚೆ ಆಡಿದ ಕ್ಲಬ್ಬುಗಳು.

"ಇದೇನೇ ಇದು, ಜಾತಕನಾ, ಕೆಲಸಕ್ಕೆ ಅರ್ಜಿನಾ?" ಎಂದಳು ಡ್ರಮ್ಮಕ್ಕ. "ಬೈಯೋದನ್ನೂ ಇವಳಿಗೆ ಟ್ಯೂಷನ್ ಹೇಳಿಸ್ಬೇಕು."

ಮುಖ ಕೆಂಡವಾಯಿತು. ಏನಾದರೂ ಹೇಳಲೇಬೇಕಿತ್ತು.

"ಅಲ್ಲ ಅಕ್ಕಾ, ನಾವು ಬೈದ್ರೆ ಅವರಿಗೆ ಅರ್ಥ ಆಗತ್ತಾ? ಇಂಗ್ಲಿಷೂ ಅವರಿಗೆ ಅಷ್ಟಕ್ಕಷ್ಟೇ. ಹೆಂಡ್ತಿ ಓಡಿಹೋದ್ಲು ಅಂತ ನಾವು ರಾಗವಾಗಿ ಹಾಡಿದ್ರೆ, ಸ್ವಾಗತಗೀತೆ ಅಂದ್ಕೊಂಡು ಕೈ ಬೀಸ್ತಾನೆ ಅಷ್ಟೆ."

ಎಲ್ಲರೂ ನಕ್ಕರು. ನನ್ನ ಮೇಲಲ್ಲ, ನನ್ನ ಮಾತಿಗೆ. ಸೀಟಿಯ ಮುಖ ಹುಳ್ಳಗಾಯಿತು.

"ಹಾಗಾದ್ರೆ ಭಾಷೆ ಬೇಡದ ಬೈಗುಳ ಹುಡುಕು ಹೋಗು," ಎಂದಳು ಡ್ರಮ್ಮಕ್ಕ.

ಭಾಷೆ ಬೇಡದ ಬೈಗುಳ ನನಗೊಂದು ಗೊತ್ತು. ಸ್ಕೂಲ್ ಹಾಸ್ಟೆಲಿನಲ್ಲಿ ಅದಕ್ಕೆ 'ಮ್ಯೂಟ್ ಹಾಕೋದು' ಎನ್ನುತ್ತಿದ್ದರು. ಆರನೇ ಕ್ಲಾಸಿನಲ್ಲಿ ಒಂದಿಡೀ ಟರ್ಮ್ ನನಗೆ ಹಾಕಿದ್ದರು. ಡೈನಿಂಗ್ ಹಾಲಿಗೆ ನಾನು ಕಾಲಿಟ್ಟರೆ ಗಲಗಲ ನಿಂತುಹೋಗುತ್ತಿತ್ತು. ಇಡೀ ಹಾಲಿನಲ್ಲಿ ಚಮಚ ತಟ್ಟೆಗೆ ತಾಗುವ ಸದ್ದು ನನ್ನದೊಂದೇ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಹಾಗಾಗಿ ವಾರ್ಡನ್ ಹತ್ತಿರ ಹೇಳಲು ಏನೂ ಇರಲಿಲ್ಲ. ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೈಗುಳವಾದರೆ ತಿರುಗಿ ಬೈಯಬಹುದು. ಇದಕ್ಕೆ ಏನು ಮಾಡುತ್ತೀರಿ? ಯಾವ ದೇಶದವರಾದರೂ ಅಷ್ಟೇ.

ಗಡ್ಡನ ಕೈಗೆ ಬಾಲ್ ಬಂದಾಗಲೆಲ್ಲ ಇಡೀ ಗ್ಯಾಲರಿ ಪಿಟ್ಟೆನ್ನಬಾರದು. ಅಷ್ಟು ಬಾಯಿಬಡುಕ ಅವನು. ಒಡೆದುಹೋಗುತ್ತಾನೆ.

ಫೆಬ್ರವರಿ ೧೦, ಸೋಮವಾರ

ಹೇಳಿದೆ. ಡ್ರಮ್ಮಕ್ಕನ ಎದುರು ನಿಂತು ಮ್ಯೂಟಿನ ಉಪಾಯ ಪೂರ್ತಿ ಹೇಳಿದೆ.

"ಗ್ಯಾಲರಿ ಸುಮ್ಮನೆ ಕೂರೋದಾ? ಸ್ಮಶಾನದಲ್ಲಿ ಕೂತ ಹಾಗೆ?" ಎಂದಳು ಸೀಟಿ.

ಡ್ರಮ್ಮಕ್ಕ ಮಾತ್ರ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದಳು. "ಯಾರ ಮೇಲಾದ್ರೂ ಟೆಸ್ಟ್ ಮಾಡಿ ತೋರ್ಸು."

ಫೆಬ್ರವರಿ ೧೧, ಮಂಗಳವಾರ

ಅಮ್ಮನ ಫೋನು. ತಿಂಡಿ ತಿಂದ್ಯಾ, ಸ್ವೆಟರ್ ಹಾಕ್ಕೊಂಡ್ಯಾ, ಅದೇ ಕ್ಯಾಸೆಟ್ಟು. ನಡುವೆ ಒಂದು ಕಡೆ ನಾನು ಸುಮ್ಮನಾದೆ. ಕಟ್ ಮಾಡಲಿಲ್ಲ, ಉಸಿರು ಮಾತ್ರ ಕೇಳಿಸುವ ಹಾಗೆ ಹಿಡಿದುಕೊಂಡೆ.

"ಹಲೋ? ಪುಟ್ಟೀ? ಕೇಳಿಸ್ತಿದ್ಯಾ? ... ಯಾಕಮ್ಮಾ, ಏನಾಯ್ತು? ನಾನೇನಾದ್ರೂ ಅಂದ್ನಾ? ... ಪುಟ್ಟೀ, ಹೆದರಿಸ್ಬೇಡ್ವೇ."

ಅತ್ತೇಬಿಟ್ಟಳು. ನೆಟ್‌ವರ್ಕ್ ಸರಿ ಇರಲಿಲ್ಲ ಎಂದೆ.

ವರ್ಕ್ ಆಗುತ್ತದೆ.

ಫೆಬ್ರವರಿ ೧೩, ಗುರುವಾರ

ಯಾರ ಮೇಲೆ ಎಂದು ಡ್ರಮ್ಮಕ್ಕ ಕೇಳಿದಾಗ ಅಜ್ಜಿ ಎಂದೆ. ಬೇರೆ ಹೆಸರು ತೋಚಲಿಲ್ಲ. ನಿಜ ಹೇಳಬೇಕೆಂದರೆ ಈ ಕಾಲೇಜಿನಲ್ಲಿ ನನಗೆ ಬೇರೆ ಯಾರೂ ಗೊತ್ತೇ ಇಲ್ಲ.

ಮಧ್ಯಾಹ್ನ ಮೆಸ್ಸಿನಲ್ಲಿ ಎಲ್ಲರಿಗೂ ಹೇಳಿಟ್ಟಿತ್ತು. ಅವಳು ತಟ್ಟೆ ಹಿಡಿದು ಒಳಗೆ ಬಂದಳು, ಡ್ರಮ್ಮಕ್ಕ ಬೆರಳೆತ್ತಿದಳು, ಮೆಸ್ಸು ಗಪ್‌ಚಿಪ್. ನನಗೆ ಬೆನ್ನಲ್ಲಿ ಬೆವರು ಕಿತ್ತುಕೊಂಡಿತು, ನನಗೇ ಹಾಕಿದ ಹಾಗೆ. ಅಜ್ಜಿ ಸುತ್ತ ನೋಡಿದಳು. ನನ್ನನ್ನೂ ನೋಡಿದಳು. ನಾನು ನೀರಿನ ಲೋಟ ನೋಡುತ್ತಿದ್ದೆ. ಅವಳು ಹೋಗಿ ಕೂತು ನಿಧಾನವಾಗಿ ಉಂಡಳು. ಎದ್ದು ಹೋಗಿ ಇನ್ನೊಂದು ಸಲ ಬಡಿಸಿಕೊಂಡು ಬಂದಳು! ಕೈ ತೊಳೆದು ಹೋದಳು. ಸೀಟಿ ಬಾಯಿ ಮುಚ್ಚಿಕೊಂಡು ನನ್ನ ಕಡೆ ನೋಡಿ ನಗುತ್ತಿದ್ದಳು.

ರೂಮಿನಲ್ಲಿ ಕೇಳಿದೆ. "ನಿನಗೆ ಏನೂ ಅನ್ನಿಸ್ಲಿಲ್ವಾ?"

"ನಮ್ಮಪ್ಪಂದು ಫ್ಯಾಕ್ಟರೀಲಿ ರಾತ್ರಿ ಪಾಳಿ ಕಣೇ. ಹಗಲೆಲ್ಲ ಮಲಗಿರ್ತಾರೆ. ಹುಟ್ಟಿದಾಗಿಂದ ನಾವು ಊಟಕ್ಕೆ ಕೂತ್ರೆ ಮಾತಿಲ್ಲ, ತಟ್ಟೆ ಸದ್ದೂ ಇಲ್ಲ. ಇಲ್ಲಿನ ಸಂತೇಲಿ ಇವತ್ತೊಂದಿನ ನೆಮ್ಮದಿಯಾಗಿ ಊಟ ಸೇರ್ತು." ನಗುತ್ತಲೇ ಹೇಳಿದಳು. ಆಮೇಲೆ ಶಾಲಿನ ಅಂಚು ಸುತ್ತುತ್ತಾ, "ಅವರು ಸುಮ್ಮನಿದ್ದಿದ್ದಕ್ಕೆ ಏನಿಲ್ಲ. ನೀನೂ ಸುಮ್ಮನಿದ್ಯಲ್ಲೇ" ಎಂದಳು.

ದಪ್ಪ ಚರ್ಮ. ಇಂಥವರ ಮೇಲೆ ಟೆಸ್ಟ್ ಮಾಡಿದರೆ ಯಾವುದೂ ವರ್ಕ್ ಆಗುವುದಿಲ್ಲ.

ಫೆಬ್ರವರಿ ೧೪, ಶುಕ್ರವಾರ

ಅಜ್ಜಿ ರೂಮಿಗೆ ಬಂದು ದಿಂಬಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು ಎಂದೆ ಡ್ರಮ್ಮಕ್ಕನಿಗೆ. ಮೆಸ್ಸಿನಲ್ಲಿ ಧೈರ್ಯದ ನಾಟಕ ಆಡಿದಳು, ಬಾಗಿಲು ಹಾಕಿದ್ದೇ ಕರಗಿಹೋದಳು ಎಂದೆ.

"ಭಲೇ ಭಲೇ. ಮೂಗು ಹಿಂಡಿದ್ರೆ ಹಾಲು ಬರತ್ತೆ ಅಂದ್ಕೊಂಡಿದ್ವಿ ನಿನ್ನ," ಎಂದು ಬೆನ್ನಿಗೆ ಗುದ್ದಿದಳು. ಇನ್ನೂ ನೋಯುತ್ತಿದೆ. ಹಿತವಾಗಿದೆ.

ಮಧ್ಯಾಹ್ನ ಉದ್ದ ಟೇಬಲಿನ ತುದಿಯಲ್ಲಿ ಕೂತು ಉಂಡೆ.

ಫೆಬ್ರವರಿ ೧೮, ಮಂಗಳವಾರ

ದಿನಾ ಪ್ರಾಕ್ಟೀಸು. ಹಾಸ್ಟೆಲಿನ ಟೆರೇಸಿನಲ್ಲಿ ಸೀಟಿ ಗಡ್ಡನಾಗಿ ನಿಲ್ಲುತ್ತಾಳೆ, ಎದುರಿಗಿಟ್ಟ ಬಕೆಟ್ಟೇ ಬಾಲ್. ಬಕೆಟ್ ಮುಟ್ಟಿದರೆ ಡ್ರಮ್ ನಿಲ್ಲಬೇಕು. ನಿಲ್ಲಿಸುವ ಸನ್ನೆ ಮಾಡುವವಳು ನಾನು. ನಾನು ಕೈ ಎತ್ತಿದರೆ ಅಷ್ಟು ಜನರ ಬಾಯಿ ಮುಚ್ಚುತ್ತದೆ! ಆ ಕ್ಷಣದಲ್ಲಿ ಹೊಟ್ಟೆ ತೊಳಸುವುದಿಲ್ಲ. ಇದನ್ನು ಯಾವ ಡಾಕ್ಟರೂ ನನಗೆ ಹೇಳಿಕೊಟ್ಟಿರಲಿಲ್ಲ.

ಗಡ್ಡನನ್ನು ನೋಡಿದರೆ ಈಗ ಮೈ ಉರಿಯುತ್ತದೆ. ಅವನು ತೊಡೆಗೆ ಗ್ಲೌಸ್ ಒರೆಸುವುದು, ಅವನ ತೆರೆದ ಬಾಯಿ, ಎಲ್ಲರಿಗೂ ಬುದ್ಧಿ ಹೇಳುವ ಆ ಬೆರಳು. ಅವನು ನನಗೆ ಏನೂ ಮಾಡಿಲ್ಲ. ನನ್ನ ಹೆಸರೂ ಅವನಿಗೆ ಗೊತ್ತಿಲ್ಲ. ಅದಕ್ಕೇ ಇನ್ನೂ ಸಿಟ್ಟು.

ಅಜ್ಜಿ ಇವತ್ತು ಮತ್ತೆ ಇಣುಕಿದಳು. ಅವಳ ಚಪ್ಪಲಿ ನೆಲಕ್ಕೆ ಎಳೆಯುವ ಸದ್ದು ಮುಂಚೆ ಗಮನಿಸಿರಲಿಲ್ಲ. ಟೀ ಕುಡಿಯುವಾಗ ಸೊರ್ ಎನ್ನುತ್ತಾಳೆ. ಯಾರಾದರೂ ಬಾಗಿಲು ಧಡ್ ಎಂದು ಹಾಕಿದರೆ ಕೈಯಲ್ಲಿದ್ದ ಪೆನ್ ಬೀಳಿಸುತ್ತಾಳೆ.

"ಒಂದು ಮಾತು ಹೇಳ್ಲಾ? ಇವನಿಗೆ ಸುಮ್ಮನಿರೋ ಜನ ಹೊಸದಲ್ಲ ಅನ್ಸತ್ತೆ ಕಣೇ. ಹಿಂದೆ ಒಂದು ನರಪಿಳ್ಳೆ ಇಲ್ಲ, ಆದ್ರೂ ಎಷ್ಟು ಆರಾಮಾಗಿ ಕೂಗ್ತಿದ್ದಾನೆ ನೋಡು. ಮ್ಯೂಟ್ ಅಂದ್ರೆ ನಿನಗಾಗೋ ಹಾಗೆ ಎಲ್ಲರಿಗೂ ಆಗ್ಬೇಕಲ್ಲ."

"ನಿನ್ನನ್ನ ಯಾರೇ ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ಹಾಗಾದ್ರೆ ಮುಚ್ಕೊಂಡಿರು. ಅದು ನಿನಗೆ ಅಭ್ಯಾಸ ಇದೆಯಲ್ಲ."

ಮುಚ್ಚಿಕೊಂಡಳು. ಆಮೇಲೆ ಎದ್ದು ಹೋಗಿ ಬಟ್ಟೆ ಒಣಹಾಕಿದಳು, ನನ್ನ ಟವೆಲನ್ನೂ ಸೇರಿಸಿ.

ಫೆಬ್ರವರಿ ೨೧, ಶುಕ್ರವಾರ

ನಾಳೆ. ಊಟ ಸೇರಲಿಲ್ಲ. ಗಡ್ಡನಿಗೂ ಸೇರದಿರಲಿ.

ಫೆಬ್ರವರಿ ೨೨, ಶನಿವಾರ

ಮೊದಲ ಸ್ವಲ್ಪ ಹೊತ್ತು ಗ್ಯಾಲರಿ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು, ನಮ್ಮವರು ನುಗ್ಗಿ ನುಗ್ಗಿ ಹೋಗುತ್ತಿದ್ದರು. ಗಡ್ಡ ನಮ್ಮ ಎದುರಿನ ಗೋಲಿನಲ್ಲೇ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದ. ಅವನ ಡಿಫೆಂಡರುಗಳಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ನಮ್ಮ ಸ್ಟ್ರೈಕರನ ಒಂದು ಹೊಡೆತ ಕಂಬಕ್ಕೆ ಬಡಿದು ಆಚೆ ಹೋಯಿತು.

ಆಮೇಲೆ ಒಂದು ಬಾಲ್ ಗಡ್ಡನ ಕೈಗೆ ಬಂತು. ನಾನು ಕೈ ಎತ್ತಿದೆ.

ಡ್ರಮ್ ನಿಂತಿತು. ಅಷ್ಟು ದೊಡ್ಡ ಗ್ಯಾಲರಿ ಸ್ವಿಚ್ ಆರಿಸಿದ ಹಾಗೆ ಸತ್ತುಹೋಯಿತು. ಗಡ್ಡ ಗ್ಲೌಸ್ ಒರೆಸಿಕೊಂಡ. ತಲೆಯೆತ್ತಿ ನಮ್ಮನ್ನು ನೋಡಿದ. ಅವನ ಭುಜ ಕೆಳಗಿಳಿಯಿತು. ಒಡೆದ ಎಂದುಕೊಂಡೆ. ಅವನು ಹಗುರಾಗಿದ್ದ, ಅಷ್ಟೇ. ಮನೆಗೆ ಬಂದು ಶೂ ಬಿಚ್ಚಿದವರ ಹಾಗೆ.

ಒಂದೇ ಒಂದು ಮಾತು ಕೂಗಿದ. ಅದು ಮೈದಾನದ ಆ ತುದಿಯವರೆಗೆ ನೀರಿನ ಮೇಲೆ ಕಲ್ಲು ಜಾರಿದ ಹಾಗೆ ಹೋಯಿತು. ಅವರ ಹುಡುಗರು ಎರಡೂ ಪಕ್ಕಕ್ಕೆ ಸರಿದರು, ಇವನು ಉದ್ದಕ್ಕೆ ಒದ್ದ, ಹೆಂಡತಿ ಬಿಟ್ಟುಹೋದ ಆ ಸ್ಟ್ರೈಕರ್ ಓಡಿಹೋಗಿ ಗೋಲು ಹೊಡೆದ.

"ನಿಲ್ಲಿಸ್ತೀನಿ ಇದನ್ನ," ಎಂದಳು ಡ್ರಮ್ಮಕ್ಕ.

"ಬೇಡ ಅಕ್ಕಾ, ಇನ್ನೊಂದ್ಸಲ. ಈಗ ಒಡೀತಾನೆ ನೋಡು, ನನಗೆ ಗೊತ್ತು."

ಇನ್ನೊಂದು ಸಲ. ಮತ್ತೊಂದು ಸಲ. ಸುಮ್ಮನಾದಾಗಲೆಲ್ಲ ಅವನ ಮಾತು ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಮ್ಮ ಹುಡುಗರು ಮಾತ್ರ ತಿರುಗಿ ತಿರುಗಿ ಗ್ಯಾಲರಿ ಕಡೆ ನೋಡುತ್ತಿದ್ದರು, ಇವರಿಗೆ ಏನಾಯಿತು ಎಂಬಂತೆ. ನಮ್ಮ ಕೀಪರ್ ಎರಡೂ ಕೈ ಮೇಲೆತ್ತಿ ಅಲ್ಲಾಡಿಸಿ ಕೂಗಿ, ಕೂಗಿ ಎಂದು ಬೇಡುತ್ತಿದ್ದ. ನಾನು ಕೈ ಇಳಿಸಲಿಲ್ಲ. ಮೂರು ಸೊನ್ನೆಗೆ ಸೋತೆವು.

ಮ್ಯಾಚ್ ಮುಗಿದ ಮೇಲೆ ಗಡ್ಡ ಒಬ್ಬನೇ ನಮ್ಮ ಗ್ಯಾಲರಿಯ ಎದುರು ಬಂದ. ಎದೆಯ ಮೇಲೆ ಕೈ ಇಟ್ಟು ತಲೆ ಬಗ್ಗಿಸಿದ. ಚಪ್ಪಾಳೆ ತಟ್ಟಿದ. ಥ್ಯಾಂಕ್ಸ್ ಹೇಳುತ್ತಿದ್ದ.

ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ನಿಂತವರೂ ಕೂರಲಿಲ್ಲ.

ಫೆಬ್ರವರಿ ೨೩, ಭಾನುವಾರ

ಬೆಳಿಗ್ಗೆಯೇ ಕರೆಸಿದಳು. ಅದೇ ಮೆಟ್ಟಿಲು. ಡ್ರಮ್ಮಕ್ಕ ಫೋನ್ ನನ್ನ ಮುಖಕ್ಕೆ ಹಿಡಿದಳು. ಗಡ್ಡನ ಇಂಟರ್‌ವ್ಯೂ, ಮುರುಕು ಇಂಗ್ಲಿಷಿನಲ್ಲಿ.

"ಏನಂತಾನೆ ಹೇಳು. ನೀನೇ ತಾನೇ ಇಂಗ್ಲಿಷಿನವಳು."

"ಅದು... ತುಂಬ ಗೌರವಸ್ಥ ಪ್ರೇಕ್ಷಕರು ಅಂತಾನೆ."

"ಆಮೇಲೆ?"

"ಅವರ ಊರಲ್ಲಿ ಮ್ಯಾಚಿಗೆ ಯಾರೂ ಬರಲ್ವಂತೆ. ಇಲ್ಲಿ ಸದ್ದಿಗೆ ಹೆದರಿದ್ನಂತೆ. ಸದ್ದು ನಿಂತಾಗ... ಮನೇಲಿ ಆಡಿದ ಹಾಗಾಯ್ತಂತೆ."

ಸೀಟಿ ನೆಲಕ್ಕೆ ಉಗಿದಳು. "ಮನೇಲಿ ಆಡಿದ ಹಾಗಂತೆ! ಕುಂಕುಮ ಒಂದು ಇಟ್ಟು ಕಳಿಸ್ಬೇಕಿತ್ತು. ನಾಳೆಯಿಂದ ಕ್ಯಾಂಪಸ್ಸಲ್ಲಿ ತಲೆ ಎತ್ತೋ ಹಾಗಿಲ್ಲ. ಇವಳನ್ನ ಇಟ್ಕೋಬೇಡ ಅಂತ ಬಡ್ಕೊಂಡೆ ನಾನು."

ಡ್ರಮ್ಮಕ್ಕ ಏನೂ ಮಾತಾಡಲಿಲ್ಲ. ಯಾರೂ ಮಾತಾಡಲಿಲ್ಲ. ನನಗೆ ಆರನೇ ಕ್ಲಾಸಿನ ಡೈನಿಂಗ್ ಹಾಲಿನಲ್ಲಿ ನಿಂತ ಹಾಗಾಯಿತು. ಮಾತು ತಾನಾಗಿ ಬಂತು.

"ಅಜ್ಜಿ ಮೋಸ ಮಾಡಿದ್ಳು ಅಕ್ಕಾ. ಅವತ್ತು ಅವಳು ಅತ್ತಿದ್ದು ನಾಟಕ. ನಾವು ಇದನ್ನ ಮ್ಯಾಚಲ್ಲಿ ಮಾಡ್ಲಿ, ಮರ್ಯಾದೆ ಕಳ್ಕೊಳ್ಳಲಿ ಅಂತ ಬೇಕಂತಲೇ ಅತ್ಳು. ನಿನ್ನೆ ರೂಮಿಗೆ ಹೋದ್ರೆ ನಗ್ತಾ ಕೂತಿದ್ಳು."

ಎಲ್ಲರೂ ನಂಬಿದರು. ಅಷ್ಟು ಸುಲಭವಾಗಿ ನಂಬಿದರು! ಅವಳು ಒಂದು ಮ್ಯಾಚಿಗೂ ಬಂದವಳಲ್ಲ, ಯಾರ ಟೇಬಲಿಗೂ ಸೇರಿದವಳಲ್ಲ.

ಪೂರ್ತಿ ಸುಳ್ಳೂ ಅಲ್ಲ. ಬೇರೆ ಯಾರಾದರೂ ಆಗಿದ್ದರೆ ಅವತ್ತು ನಿಜವಾಗಿ ಅಳುತ್ತಿದ್ದರು. ಆಗ ನಾನು ಯಾವ ಸುಳ್ಳೂ ಹೇಳಬೇಕಾಗುತ್ತಿರಲಿಲ್ಲ.

"ಸುಮ್ಮನಿದ್ರೆ ಅವಳಿಗೆ ತಾಗಲ್ಲ. ಸರಿ," ಎಂದಳು ಡ್ರಮ್ಮಕ್ಕ. "ಹಾಗಾದ್ರೆ ಯಾವುದು ತಾಗತ್ತೆ?"

ಯೋಚಿಸಲೇ ಇಲ್ಲ ನಾನು. ಬಾಗಿಲು ಧಡ್ ಎಂದರೆ ಪೆನ್ ಬೀಳಿಸುವವಳು. "ಸದ್ದು" ಎಂದೆ. ಅವಳಪ್ಪನ ರಾತ್ರಿ ಪಾಳಿಯ ವಿಷಯವನ್ನೂ ಹೇಳಿದೆ. ಬುಧವಾರ ಅವಳ ಇಂಟರ್ನಲ್ಸ್ ಪರೀಕ್ಷೆ ಶುರು ಎಂದೂ ಹೇಳಿದೆ.

ಡ್ರಮ್ಮಕ್ಕ ಜೇಬಿನಿಂದ ಕೆಂಪು ಪಟ್ಟಿ ತೆಗೆದು ನನ್ನ ಕೈಗೆ ತಾನೇ ಕಟ್ಟಿದಳು.

"ಇದು ನೋಡ್ರೇ, ಜಾತಕ ಅಂದ್ರೆ."

ಫೆಬ್ರವರಿ ೨೫, ಮಂಗಳವಾರ

ಸಂಜೆ ಟೀ ಆದಾಗಿನಿಂದ ಕಾರಿಡಾರಿನಲ್ಲಿ ಡ್ರಮ್. ವಾರ್ಡನ್ ಮೇಡಂ ರಜೆ. ಡ್ರಮ್ಮಕ್ಕ ನಮ್ಮ ಬಾಗಿಲಿನ ಹೊರಗೇ ಕುರ್ಚಿ ಹಾಕಿಕೊಂಡು ಬಾರಿಸುತ್ತಿದ್ದಾಳೆ. ಸೀಟಿ ಬಾಗಿಲ ಸಂದಿಗೆ ಬಾಯಿ ಇಟ್ಟು ಊದುತ್ತಿದ್ದಾಳೆ. ಮಂಚದ ಕಬ್ಬಿಣ ನಡುಗುತ್ತಿರುವುದರಿಂದ ಅಕ್ಷರಗಳು ಸೊಟ್ಟಗಾಗುತ್ತಿವೆ.

ಅಜ್ಜಿ ಮೊದಲು ಪುಸ್ತಕ ಹಿಡಿದು ಗೋಡೆಯ ಕಡೆ ತಿರುಗಿ ಕೂತಳು. ಆಮೇಲೆ ಕಿವಿಗೆ ಹತ್ತಿ ಇಟ್ಟುಕೊಂಡಳು. ಆಮೇಲೆ ದಿಂಬು. ಒಮ್ಮೆ ಎದ್ದು ಬಾಗಿಲು ತೆಗೆದು ಏನೋ ಕೇಳಿಕೊಂಡಳು. ಅವರು ಇನ್ನೂ ಜೋರು ಮಾಡಿದರು. ಬಾಗಿಲು ಹಾಕಿ ವಾಪಸ್ ಬರುವಾಗ ಅವಳ ಗಲ್ಲ ಅದುರುತ್ತಿತ್ತು. ಎಡಗೈ ಅಂಗಿಯ ಗುಂಡಿಯನ್ನು ಹುಡುಕುತ್ತಿತ್ತು, ಹಾಕಿದ ಗುಂಡಿಯನ್ನೇ.

ನಾನು ಹೊರಗೆ ಅವರ ಜೊತೆ ಕೂರಬಹುದಿತ್ತು. ಡ್ರಮ್ಮಕ್ಕ ಬೇಡ ಎಂದಳು. ಒಳಗೇ ಇದ್ದು ನೋಡು, ಯಾವಾಗ ಏನಾಗತ್ತೆ ನೋಡಿ ಹೇಳು ಎಂದಳು.

ಈಗ ಪುಸ್ತಕ ಮುಚ್ಚಿಟ್ಟಿದ್ದಾಳೆ. ನನ್ನ ಮಂಚದ ಹತ್ತಿರ ಬಂದು ನೆಲದ ಮೇಲೆ ಕೂತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ. ಅಳುತ್ತಿಲ್ಲ, ಇನ್ನೂ ಇಲ್ಲ. ಏನೋ ಹೇಳುತ್ತಿದ್ದಾಳೆ, ಮತ್ತೆ ಮತ್ತೆ ಅದನ್ನೇ. ಡ್ರಮ್ಮಿನ ಸದ್ದಿಗೆ ಒಂದೂ ಕೇಳಿಸುತ್ತಿಲ್ಲ. ತುಟಿ ನೋಡಿದರೆ ಚಿಕ್ಕ ಮಾತು ಅನ್ನಿಸುತ್ತದೆ.

ನನ್ನ ಹೆಸರೇ ಇರಬೇಕು.